ಆಂಟೆನಾ ಹತ್ತಿದ ಹೆಗ್ಗೆಣಸು

ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿಯಾಗಿದ್ದ ಅನಸೂಯ, ೧೯೭೨ರಲ್ಲಿ ಎಂಜಿನಿಯರ್ ಗಂಡ ದ್ವಾರಕಾನಾಥನ ಜೊತೆ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದಳು. ಗ್ರೀನ್ ಕಾರ್ಡ್ ಇತ್ತು, ಕೆಲಸ ಸಿಗಲಿಲ್ಲ. ಹನ್ನೊಂದು ಕಡೆಯಿಂದ ‘ಕ್ಷಮಿಸಿ’ ಎಂಬ ಕಾಗದ ಬಂದಿತ್ತು.

ಮರುವರ್ಷ ಫೆಬ್ರವರಿಯಲ್ಲಿ, ಕ್ವೀನ್ಸ್‌ನ ಜಮೈಕಾದವರ ಅಂಗಡಿಯಲ್ಲಿ ಮಣ್ಣು ಮೆತ್ತಿದ ದಪ್ಪ ಗೆಡ್ಡೆಯೊಂದು ಅವಳ ಕಣ್ಣಿಗೆ ಬಿತ್ತು.

“ರೀ, ಹೆಗ್ಗೆಣಸು!”

ಅವಳ ಕೂಗಿಗೆ ಇಡೀ ಅಂಗಡಿ ತಿರುಗಿ ನೋಡಿತು. ಮುಕ್ಕಾಲು ಭಾಗ ಪಲ್ಯವಾಯಿತು. ಉಳಿದ ತುಂಡನ್ನು ಬೇಸ್‌ಮೆಂಟಿನಲ್ಲಿ, ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕ, ತಳಕ್ಕೆ ತೂತು ಕೊರೆದ ತಗಡಿನ ಡ್ರಮ್ಮಿನಲ್ಲಿ ನೆಟ್ಟಳು. ಏಪ್ರಿಲ್‌ನಲ್ಲಿ ಮೊಳಕೆ ಬಂದಾಗ ಆಫೀಸಿಗೇ ಫೋನ್ ಮಾಡಿ ಗಂಡನಿಗೆ ಹೇಳಿದಳು.

ಮೇ ತಿಂಗಳಲ್ಲಿ ಡ್ರಮ್ಮನ್ನು ಹಿತ್ತಲಿಗೆ ಎತ್ತಿಟ್ಟವನು ಪಕ್ಕದ ಮನೆಯ ಟೋನಿ. ಹತ್ತಿರದ ಕಾಲೇಜಿನ ಗ್ರೀನ್‌ಹೌಸ್ ನೋಡಿಕೊಳ್ಳುತ್ತಿದ್ದ ಅವನು ತಲೆ ಅಲ್ಲಾಡಿಸಿದ. “ಇಲ್ಲಿ ಬೇಸಿಗೆ ಚಿಕ್ಕದು. ಗೆಡ್ಡೆ ಕಟ್ಟೋದಿಲ್ಲ.”

ಜುಲೈನಲ್ಲಿ ಬಳ್ಳಿಗೆ ಹುಚ್ಚು ಹಿಡಿಯಿತು. ದಿನಕ್ಕೊಂದು ಗೇಣು!

“ಅನು, ನಿನ್ನ ಬಳ್ಳಿ ಆಂಟೆನಾ ಹತ್ತಿದೆ ಕಣೇ! ಟಿವೀಲಿ ಏನೂ ಕಾಣ್ತಿಲ್ಲ!”

“ಹತ್ತಲಿ ಬಿಡ್ರೀ, ಹೊರಗೆ ಬಂದು ಇದನ್ನೇ ನೋಡಿ!”

ಅಕ್ಟೋಬರ್‌ನ ಒಂದು ಶನಿವಾರ ಬೆಳಗ್ಗೆ, ಆ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆಂದು ರೇಡಿಯೋ ಹೇಳಿತು. ಒಳಗಿಡಲೆಂದು ಟೋನಿ ಡ್ರಮ್ ಎಳೆದ. ಅಲುಗಲಿಲ್ಲ. ಗೆಡ್ಡೆ ತಳದ ತೂತನ್ನೇ ಸೀಳಿಕೊಂಡು ನೆಲಕ್ಕಿಳಿದಿತ್ತು! ಅವನು ತಗಡು ಕತ್ತರಿಸಿದ. ಅವಳು ಮಂಡಿಯೂರಿ ಕೈಯಲ್ಲೇ ಮಣ್ಣು ಬಗೆದಳು. ಬಾತ್‌ರೂಮಿನ ತಕ್ಕಡಿಯ ಮೇಲಿಟ್ಟಾಗ ಮುಳ್ಳು ಹದಿನಾಲ್ಕು ಪೌಂಡಿಗೆ ಹೋಗಿ ನಿಂತಿತು.

“ಕಾರು ಹತ್ತು!” ಎಂದ ಟೋನಿ. “ನಮ್ಮ ಪ್ರೊಫೆಸರ್ ಇದನ್ನ ಈಗಲೇ ನೋಡಬೇಕು.”

ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಮಣ್ಣು. ಗೆಡ್ಡೆಯನ್ನು ಮಡಿಲಲ್ಲಿಟ್ಟುಕೊಂಡು ಹೋದ ಅನಸೂಯ, ಪ್ರೊಫೆಸರರ ಮೊದಲ ಪ್ರಶ್ನೆಗೇ ಸೀಮೆಸುಣ್ಣ ಕೈಗೆತ್ತಿಕೊಂಡಳು. ಈ ಬಳ್ಳಿ ಯಾಕೆ ಬಲಕ್ಕೇ ಸುತ್ತುತ್ತದೆ, ಕಾಂಡಕ್ಕೆ ನಾಲ್ಕು ರೆಕ್ಕೆ ಯಾಕೆ ಎಂದು ಬೋರ್ಡ್ ತುಂಬ ಚಿತ್ರ ಬರೆದಳು. ಗಂಟೆ ಕಳೆದದ್ದು ಯಾರಿಗೂ ಗೊತ್ತಾಗಲಿಲ್ಲ.

“ಇಷ್ಟು ದಿನ ಎಲ್ಲಿದ್ದಿರಿ?” ಎಂದರು ಪ್ರೊಫೆಸರ್.

“ಇಲ್ಲೇ, ಐದು ಮೈಲಿ ದೂರದಲ್ಲಿ.”

ಜನವರಿಯಲ್ಲಿ ಗ್ರೀನ್‌ಹೌಸಿನ ಸಹಾಯಕಿಯ ಕೆಲಸ ಸಿಕ್ಕಿತು. ಎಪ್ಪತ್ತೈದರಲ್ಲಿ ಲ್ಯಾಬ್ ತರಗತಿಯೂ ಅವಳದಾಯಿತು. ಮೊದಲ ದಿನ ತರಗತಿ ಮುಗಿದದ್ದೇ ಕಾರಿಡಾರಿನ ಫೋನಿಗೆ ಓಡಿದಳು.

“ರೀ, ಇಪ್ಪತ್ತೆರಡು ಜನ! ಒಬ್ಬರೂ ತೂಕಡಿಸಲಿಲ್ಲ!”