ದುರಗಮ್ಮ ಜಿಲ್ಲಾ ಕಮಿಟಿಗೆ ಹೋದದ್ದು

ದುರಗಮ್ಮ ನಕ್ಕರೆ ಕೆನಾಲಿನ ಆಚೆ ದಂಡೆಗೆ ಕೇಳುತ್ತಿತ್ತು. ಕಕ್ಕೇರಾ ಸೀಮೆಯಲ್ಲಿ ನೆಲ್ಲು ಹಚ್ಚುವ ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಕೆನಾಲಿಗೆ ನೀರು ಬಿಟ್ಟರೆಂದರೆ ಊರೂರಿನ ಗದ್ದೆಯವರು ಅವಳ ಮನೆ ಬಾಗಿಲಿಗೇ ಬರುತ್ತಿದ್ದರು. ಸಜ್ಜೆ, ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ಮೊಣಕಾಲುದ್ದ ಕೆಸರು ನಿಂತದ್ದನ್ನು ಮೊದಲ ಸಲ ನೋಡಿದಾಗ ಅವಳು ಇನ್ನೂ ಹೊಸ ಸೊಸೆ. ಈಗ ಅದೇ ಕೆಸರಿನಲ್ಲಿ ಸೀರೆ ಮೇಲೆ ಕಟ್ಟಿ, ಹಾಡು ಹಿಡಿದು, ಹಿಂದೆ ಬರುವವರ ಬೆನ್ನುನೋವು ಮರೆಸುವ ಹೆಂಗಸಾಗಿದ್ದಳು.

ಗಂಡ ಸಂಗಣ್ಣ ಕಮ್ಯುನಿಸ್ಟ್ ಪಕ್ಷದವನು. ಕೆಂಪು ಟವೆಲ್ಲು ಹೆಗಲ ಮೇಲಿಲ್ಲದೆ ಅವನು ಹೊರಗೆ ಬಿದ್ದದ್ದನ್ನು ಯಾರೂ ಕಂಡಿಲ್ಲ. ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಗೆ ಸೇರಿದ್ದ ಆ ಕಾಲದಲ್ಲಿ ಅವನು ಜಿಲ್ಲಾ ಕಮಿಟಿಯ ಸದಸ್ಯ. ಪಕ್ಷ ಯಾವ ಹಾದಿ ಹಿಡಿಯಬೇಕು, ಯಾವ ಊರಲ್ಲಿ ಹೋರಾಟ ಹೂಡಬೇಕು ಎಂದು ತೀರ್ಮಾನ ಮಾಡುವುದೇ ಆ ಕಮಿಟಿ. ಬೆಳಗಿನ ಬಸ್ಸಿಗೆ ಕಮಿಟಿ ಸಭೆಗೆ ಹೋಗಿ, ಸಂಜೆ ಮುಖ ಬಿಗಿದುಕೊಂಡು ಬರುತ್ತಿದ್ದ.

"ಏನ್ ಮಾತಾಡಿದ್ರಿ?" ಎಂದು ದುರಗಮ್ಮ ಕೇಳಿದರೆ, "ಕಮಿಟಿ ಮಾತು ಹೊರಗ ಹೇಳಂಗಿಲ್ಲ" ಎನ್ನುತ್ತಿದ್ದ.

ಒಂದು ವರ್ಷ ಹೀಗಾಯಿತು. ಕೆಲಸಕ್ಕೆ ಕರೆದೊಯ್ಯುವ ಟಂಟಂ ಗಾಡಿಯಲ್ಲಿ ಹೆಂಗಸರನ್ನು ಕುರಿ ತುಂಬಿದ ಹಾಗೆ ತುಂಬಿದ್ದರು. ಅರ್ಧ ದಾರಿಯಲ್ಲಿ ದುರಗಮ್ಮ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದಳು. "ಇನ್ನೊಂದು ಗಾಡಿ ಬರೂತನ ಯಾರೂ ಏಳಂಗಿಲ್ಲ" ಎಂದು ಕೆನಾಲಿನ ದಾರಿಯ ನಡುವೆಯೇ ಕುಳಿತಳು. ಅತ್ತ ಗದ್ದೆಯ ಬದುವಿನ ಮೇಲೆ ಕಿತ್ತಿಟ್ಟ ಸಸಿ ಬಾಡತೊಡಗಿತು, ಇತ್ತ ಇವರ ಹಾಡು ಏರುತ್ತ ಹೋಯಿತು. ಕೊನೆಗೆ ಗದ್ದೆಯವನೇ ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಗಾಡಿ ತಂದ. ಅಲ್ಲಿಂದ ಮುಂದೆ ಆ ಸೀಮೆಯಲ್ಲಿ ಯಾರೂ ಹೆಂಗಸರನ್ನು ಹಾಗೆ ತುಂಬಲಿಲ್ಲ.

ಆ ಹೋರಾಟದ ಬಗ್ಗೆ ಕಮಿಟಿಯಲ್ಲಿ ಇಡೀ ದಿನ ಚರ್ಚೆಯಾಯಿತಂತೆ. ಸಂಗಣ್ಣ ಬಂದವನು ಎಂದಿನಂತೆ, "ಹೇಳಂಗಿಲ್ಲ" ಎಂದ.

"ಬಿಸಲಾಗ ಕುಂತಾಕಿ ನಾನು! ನನಗೂ ಹೇಳಂಗಿಲ್ಲೇನು?" ಎಂದಳು ದುರಗಮ್ಮ. ಅವನು ರೊಟ್ಟಿ ಮುರಿದ.

ಯಾದಗಿರಿ ಬೇರೆ ಜಿಲ್ಲೆಯಾದ ಮೇಲೆ ಪಕ್ಷಕ್ಕೂ ಹೊಸ ಜಿಲ್ಲಾ ಕಮಿಟಿ ಆರಿಸಬೇಕಾಯಿತು. ಶಹಾಪುರದಲ್ಲಿ ಸಮ್ಮೇಳನ. ಕಕ್ಕೇರಾದಿಂದ ಗಂಡ ಹೆಂಡತಿ ಇಬ್ಬರೂ ಪ್ರತಿನಿಧಿಗಳಾಗಿ ಹೋದರು. ಮಲಗಿದ ಬುದ್ಧನಂಥ ಗುಡ್ಡ ಕಾಣುವ ಕಿಟಕಿಯ ಪಕ್ಕ ದುರಗಮ್ಮ ಜಾಗ ಹಿಡಿದಳು. ಸುರಪುರದ ದರ್ಜಿ ಜಲಾಲುದ್ದೀನ ಅಧ್ಯಕ್ಷತೆ ವಹಿಸಿದ್ದ. ಹಳೆಯ ಮುಖಂಡರು ಸೂಚಿಸಿದ ಹೆಸರುಗಳನ್ನು ಒಂದೊಂದಾಗಿ ಓದಿದ. ಸಂಗಣ್ಣನ ಹೆಸರೂ ಬಂತು. ಓದಿ ಮುಗಿಸಿ, "ಯಾರರ ಏನರ ಹೇಳೋರು ಇದ್ದೀರೇನು?" ಎಂದು ಕೇಳಿದ.

ದುರಗಮ್ಮ ಎದ್ದು ನಿಂತಳು. "ನೆಲ್ಲು ಹಚ್ಚೋರು ನಾವು, ಕಳೇ ತಗಿಯೋರು ನಾವು, ಮೆರವಣಿಗ್ಯಾಗ ಮುಂದ ನಿಲ್ಲೋರೂ ನಾವಾ. ಈ ಕಮಿಟ್ಯಾಗ ಒಬ್ಬಾಕಿ ಹೆಣ್ಮಗಳ ಹೆಸರೂ ಇಲ್ಲಲ್ರಿ?"

ಕೊಂಕಲ್‌ನಿಂದ ಬಂದಿದ್ದ ಕೂಲಿಕಾರ್ತಿ ಚಾಂದಬೀ ಕೂತಲ್ಲಿಂದಲೇ ಕೂಗಿದಳು: "ಹಂಗಾರ ದುರಗಮ್ಮನ ಹೆಸರು ಬರಕೋರಿ. ನಾ ಸೂಚಿಸ್ತೀನಿ!"

"ಅನುಮೋದನೆ ಯಾರದು?" ಎಂದ ಜಲಾಲುದ್ದೀನ.

ಆಗ ಮುಂದಿನ ಸಾಲಿನಿಂದ ಕೆಂಪು ಟವೆಲ್ಲು ಸರಿಪಡಿಸಿಕೊಳ್ಳುತ್ತ ಸಂಗಣ್ಣ ಎದ್ದ. "ನಂದ್ರಿ."

"ಇರೂ ಜಾಗಕ್ಕಿಂತ ಒಂದು ಹೆಸರು ಜಾಸ್ತಿ ಆಗ್ತದ, ಸಂಗಣ್ಣ. ಓಟಿನಾಗ ನಿನ್ನ ಹೆಸರಾ ಹೋದ್ರ?" ಎಂದು ಜಲಾಲುದ್ದೀನ ಎಚ್ಚರಿಸಿದ.

"ಹೋದ್ರೂ ಜಾಗ ನಮ್ಮ ಮನ್ಯಾಗಾ ಉಳೀತದಲ್ರಿ."

ಇಡೀ ಸಭೆ ನಕ್ಕಿತು. ಚೀಟಿ ಬರೆದು ಡಬ್ಬಿಗೆ ಹಾಕಿದರು. ಎಣಿಸಿ ನೋಡಿದರೆ ದುರಗಮ್ಮ ಗೆದ್ದಿದ್ದಳು, ಸೋತವನು ಸಂಗಣ್ಣನೇ.

ತಮಾಷೆಗೆ ಆಡಿದ ಮಾತು ನಿಜವಾದಾಗ ಅವನ ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತರೂ ಹೊರಗೆ ನೋಡುತ್ತ ಬಂದ. ದುರಗಮ್ಮ ಗೆದ್ದ ಖುಷಿಯ ನಗುವನ್ನು ತಡೆದು ಕೂತಳು. ಸುರಪುರದಲ್ಲಿ ಬಸ್ಸು ನಿಂತಾಗ ಅವನು ಇಳಿದು ಹೋದ. ಮುನಿಸಿನಿಂದಲೇ ಹೋದನೇನೋ ಎಂದು ಅವಳು ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿರುವಾಗ, ಮಿರ್ಚಿ ಭಜಿಯ ಪೊಟ್ಟಣ ಹಿಡಿದು ವಾಪಸ್ಸು ಬಂದ.

"ಬಿಸಿ ಅದಾವ, ತಗೋರಿ ಕಾಮ್ರೇಡ್."

ಮದುವೆಯಾದಂದಿನಿಂದ ಅವನು ಅವಳನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ತಡೆದಿಟ್ಟಿದ್ದ ನಗು ಎಲ್ಲವೂ ಒಮ್ಮೆಲೇ ಹೊರಬಿತ್ತು. ಡ್ರೈವರ್ ಸಹ ತಿರುಗಿ ನೋಡಿದ.

ಯಾದಗಿರಿಯಲ್ಲಿ ಮೊದಲ ಕಮಿಟಿ ಸಭೆ ಮುಗಿಸಿ ಅವಳು ಮನೆಗೆ ಬಂದಾಗ ಸಂಗಣ್ಣ ಚಹಾ ಕಾಯಿಸಿ ಕಾಯುತ್ತಿದ್ದ. "ಏನ್ ಮಾತಾಡಿದ್ರಿ?" ಎಂದ, ತಡೆಯಲಾರದೆ.

"ಹೇಳಂಗಿಲ್ಲ" ಎಂದು ದುರಗಮ್ಮ ಮುಖ ಬಿಗಿದಳು. ಅವನು ಎಷ್ಟು ನಕ್ಕನೆಂದರೆ ಬಸಿಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು.

ಮಳೆಗಾಲದ ನಾಟಿ ಶುರುವಾಯಿತು. ಕಮಿಟಿ ಸಭೆ ಅದೇ ಹೊತ್ತಿಗೆ ಬಂತು. ದುರಗಮ್ಮ ಜಲಾಲುದ್ದೀನನಿಗೆ ಫೋನ್ ಹಚ್ಚಿದಳು. ಹೊಸ ಕಮಿಟಿಗೆ ಅವನೇ ಕಾರ್ಯದರ್ಶಿಯಾಗಿದ್ದ. "ನಾ ಬಂದ್ರ ಇಲ್ಲಿ ಹಾಡು ಹಿಡಿಯೋರಿಲ್ರಿ. ನೀವಾ ಬರ್ರಿ ಈ ಕಡಿ. ಕೆನಾಲ್ ನೀರು ಕೊನೀ ಹೊಲಕ್ಕ ಯಾಕ ಮುಟ್ಟವಲ್ದು ಅಂತ ಕೋಣ್ಯಾಗ ಕುಂತು ಮಾತಾಡೋದಕ್ಕಿಂತ ಹೊಲದಾಗ ನಿಂತು ನೋಡ್ರಿ."

ಕಮಿಟಿಯವರು ಬಂದರು. ಬದುವಿನ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಕೂತರು. ಕೊನೆಯ ಹೊಲದವರೂ ಬಂದು ತಮ್ಮ ಗೋಳು ಹೇಳಿಕೊಂಡರು. ತೂಬಿನ ಹತ್ತಿರ ಧರಣಿ ಹೂಡುವುದೆಂಬ ಮಾತು ಬಂತು. ಆದರೆ ಯಾವಾಗ ಎಂಬುದಕ್ಕೆ ವಾದ ಎದ್ದಿತು, ವಾದಕ್ಕೆ ಪ್ರತಿವಾದ ಎದ್ದಿತು. ಗದ್ದೆಯಲ್ಲಿ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದರು.

ದುರಗಮ್ಮ ಸೀರೆ ಮೇಲೆ ಕಟ್ಟಿದಳು. "ಮಾತು ನಡೀಲಿ ಬಿಡ್ರಿ, ಕೈ ಯಾಕ ಖಾಲಿ ಇಟ್ಟೀರಿ? ಇಳೀರಿ ಕೆಳಗ."

ಮೊದಲು ಒಬ್ಬ ಇಳಿದ, ಆಮೇಲೆ ಎಲ್ಲರೂ. ಪ್ಯಾಂಟು ಮಡಚಿ, ಚಪ್ಪಲಿ ಬದುವಿನ ಮೇಲೆ ಬಿಟ್ಟು, ಜಿಲ್ಲಾ ಕಮಿಟಿ ಕೆಸರಿಗಿಳಿಯಿತು. ಅವರು ಹಚ್ಚಿದ ಸಾಲು ಹಾವಿನ ಹಾಗೆ ಹರಿದಾಡಿತು. ಹೆಂಗಸರು ನಗುನಗುತ್ತಲೇ ಹಿಂದಿನಿಂದ ತಿದ್ದುತ್ತ ಬಂದರು. ಜೊತೆಗೆ ಚರ್ಚೆಯೂ ಸಾಗಿತು. ಕೆಸರಲ್ಲಿ ಬಗ್ಗಿದವನಿಗೆ ಉದ್ದ ಮಾತು ಹೊರಡುವುದಿಲ್ಲವಾದ್ದರಿಂದ ಸಾಲು ಮುಗಿಯುವುದರೊಳಗೆ ವಾದವೂ ಮುಗಿಯಿತು. ಸಂತೆ ಕಳೆದ ಮರುದಿನವೇ ತೂಬಿನ ಮುಂದೆ ಕೂಡುವುದೆಂದು ಠರಾಯಿಸಿದರು.

ಅದನ್ನು ಸಾರಿ ಹೇಳಲು ಬೆನ್ನು ನೆಟ್ಟಗೆ ಮಾಡಿದ ಜಲಾಲುದ್ದೀನ ಕಾಲು ಜಾರಿ ಕೆಸರಿನಲ್ಲಿ ಧಪ್ಪನೆ ಕೂತ. ಏಳುವ ಗೊಡವೆಗೆ ಹೋಗದೆ, ಕೂತಲ್ಲಿಂದಲೇ ಕೇಳಿದ: "ಈ ಠರಾವಿಗಿ ಒಪ್ಪಿಗಿ ಇದ್ದೋರು ಕೈ ಎತ್ರಿ!"

ಕಮಿಟಿಯವರು ಕೈ ಎತ್ತಿದರು. ಅವರ ಹಿಂದೆ ಗದ್ದೆಯ ಹೆಂಗಸರೂ ಸಸಿಯ ಹಿಡಿ ಸಮೇತ ಕೈ ಎತ್ತಿದರು. ಯಾರ ಓಟು ಲೆಕ್ಕಕ್ಕೆ, ಯಾರದಲ್ಲ ಎಂದು ಯಾರೂ ಕೇಳಲಿಲ್ಲ.