ಮಾಸ್ತರರು ಮೂಗಿಗೇರಿಸಿದ ತಪಕೀರು

ಹೋದ ರವಿವಾರ ಮಧ್ಯಾಹ್ನ ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವರು ಕೂತಿದ್ದೆವು. ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಪ್ಪ, ಪಿಯುಸಿ ಓದುವ ಮಗಳು, ನಾನು. ‘ಸಪೋರ್ಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥಗಳನ್ನೂ ಸಮಾನಪದಗಳನ್ನೂ ಬರೆದುಕೊಂಡು ಬರಲು ಕಾಲೇಜಿನಲ್ಲಿ ಹೇಳಿದ್ದರಂತೆ. ಕರೆಂಟಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ಗೂಡಿನಲ್ಲಿದ್ದ ರಟ್ಟು ಹರಿದ ನಿಘಂಟನ್ನು ಇಳಿಸಿದೆ. ಎಸ್ ಅಕ್ಷರದ ಪುಟ ತೆರೆದದ್ದೇ ತಡ, ನಾಲ್ವರೂ ಒಬ್ಬರ ಹಿಂದೊಬ್ಬರು ಸೀನಿದೆವು.

ತಪಕೀರು! ಇಷ್ಟು ವರ್ಷವಾದರೂ ಆ ನಶ್ಯದ ಪುಡಿ ಹಾಳೆಗಳ ಸಂದಿಯಲ್ಲಿ ಕೂತೇ ಇತ್ತು...

ಆ ನಿಘಂಟು ಬಾಜೂಮನೆಯ ಮಾಸ್ತರರದು. ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. “ಎಲ್ಲಾದಕ್ಕೂ ಸಪೋರ್ಟ್, ಸಪೋರ್ಟ್ ಅಂತ ಬರೀತಿಯಲ್ಲೋ, ಚಪ್ಪರಕ್ಕ ಗಳಾ ಕೊಡೋದು ಬ್ಯಾರೆ, ಇನ್ನೊಬ್ಬರ ಮಾತಿಗಿ ಹೌದನ್ನೋದು ಬ್ಯಾರೆ,” ಎಂದು ನನ್ನ ಕಿವಿ ಹಿಂಡುತ್ತಿದ್ದರು. ಪ್ರಾಪ್, ಬ್ಯಾಕ್, ಅಪ್‌ಹೋಲ್ಡ್, ವೌಚ್ ಎಂದು ಒಂದೊಂದಕ್ಕೂ ಒಂದೊಂದು ಉದಾಹರಣೆ. ಕೊನೆಯದಕ್ಕೆ ಬಂದಾಗ ಮಾತ್ರ ಧ್ವನಿ ತಗ್ಗಿಸಿ, “ಇದು ತುಟ್ಟಿ ಪದ ಅದ. ಇದರಾಗ ನೀನೇ ಜಾಮೀನು ನಿಲ್ಲಬೇಕು,” ಎನ್ನುತ್ತಿದ್ದರು.

ನಮ್ಮ ಓಣಿಯಲ್ಲಿ ಲಗ್ನದ ಮಾತುಕತೆಗೆ ಹೋಗುವವರು ಮಗ್ಗುಲಲ್ಲಿ ಒಬ್ಬ ಹೌದಪ್ಪನನ್ನು ಕೂಡಿಸಿಕೊಳ್ಳುವುದು ರೂಢಿ. ಹಿರಿಯರು ಹೇಳುವುದು, ಅವನು ‘ಖರೇ’ ಅನ್ನುವುದು. ನನಗೆ ಹುಮನಾಬಾದಿನಲ್ಲಿ ಕನ್ಯೆ ನೋಡಲು ಹೊರಟಾಗ ಅಪ್ಪ ಮಾಸ್ತರರನ್ನೇ ಕರೆದರು. ಅದಕ್ಕೂ ಮೊದಲು ಮೂರು ಮನೆಯವರು ನನ್ನನ್ನು ಬೇಡವೆಂದಿದ್ದರು. ಈ ಹುಡುಗಿಯನ್ನು ನಾನು ನೆಂಟರ ಮದುವೆಯೊಂದರಲ್ಲಿ ಮೊದಲೇ ಕಂಡಿದ್ದೆ. ಇವಳೂ ತಪ್ಪಿದರೆ ಮತ್ತೆ ಯಾರ ಮನೆಯ ಉಪ್ಪಿಟ್ಟನ್ನೂ ತಿನ್ನುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದೆ.

ಬಸ್ಸಿನಲ್ಲೇ ಮಾಸ್ತರರು ಕರಾರು ಮಾಡಿದರು. “ಕಣ್ಣೀಲೆ ಕಂಡದ್ದಕ್ಕ ಖರೇ ಅಂತೀನ್ರಿ. ಕಿವೀಲೆ ಕೇಳಿದ್ದಕ್ಕ, ಹಂಗ ಅಂತಾರ ಅಂತೀನಿ.”

“ಎರಡೂ ಅಲ್ಲದ್ದಕ್ಕ?” ಅಪ್ಪ ಕೇಳಿದರು.

“ನೋಡೂಣು,” ಎಂದು ಮಾಸ್ತರರು ಕಿಟಕಿಯ ಕಡೆ ತಿರುಗಿದರು.

ಹುಮನಾಬಾದಿನ ಆ ಮನೆಯಲ್ಲಿ ಜಮಖಾನದ ಮೇಲೆ ಕೂತೆವು. ಎದುರಿಗೆ ಹುಡುಗಿಯ ಅಜ್ಜಿ, ಮಡಿಲಲ್ಲಿ ಎಲೆಯಡಿಕೆಯ ಡಬ್ಬಿ. ನಮ್ಮ ಮನೆಯ ಮುಂದೆ ಬಾವಿ ಇದೆ ಎಂದರು ಅಪ್ಪ. “ಖರೇ,” ಎಂದರು ಮಾಸ್ತರರು. ಅಪ್ಪನಿಗೆ ಹುರುಪು ಬಂತು.

“ನಮ್ಮ ಹುಡುಗ ಮುಂಜಾನಿ ಐದಕ್ಕ ಏಳ್ತಾನ್ರಿ.”

ಮಾಸ್ತರರು ಡಬ್ಬಿ ತೆಗೆದು ಒಂದು ಚಿಟಿಕೆ ತಪಕೀರು ಏರಿಸಿದರು.

“ಹೊರಗಿನ ಚಹಾ ಬಿಲ್ಕುಲ್ ಮುಟ್ಟಂಗಿಲ್ರಿ.”

ಇನ್ನೊಂದು ಚಿಟಿಕೆ.

“ಸಿಟ್ಟಂದ್ರ ಏನಂತ ಗೊತ್ತೇ ಇಲ್ರಿ ಅವಗ.”

ಎರಡೂ ಹೊಳ್ಳೆಗೆ. ಆ ಸೀನಿಗೆ, ತಿನ್ನಲೆಂದು ಮುಂದಿಟ್ಟಿದ್ದ ಸುಸಲಾದ ತಾಟಿನಿಂದ ಚುರುಮುರಿ ಹಾರಿತು.

ನಮಗೆ ಇಷ್ಟು ವರ್ಷ ತಿಳಿಯದ್ದನ್ನು ಆ ಅಜ್ಜಿ ಅರ್ಧ ತಾಸಿನಲ್ಲಿ ಕಂಡುಹಿಡಿದಿದ್ದಳು. ಅಪ್ಪನ ಮುಖ ನೋಡುವುದನ್ನೇ ಬಿಟ್ಟು, ಮಾಸ್ತರರ ಕೈ ನೋಡುತ್ತ ಪ್ರಶ್ನೆ ಹಾಕತೊಡಗಿದಳು. ಅಡಿಗಿಮನಿಯಾಗ ಕೈ ಹಚ್ತಾನೇನು? ದಿನಾ ಹಚ್ತಾನ್ರಿ. ಚಿಟಿಕೆ. ಇಸ್ಪೀಟು ಆಡ್ತಾನೇನು? ಕೈಲೆ ಮುಟ್ಟಿಲ್ರಿ. ಚಿಟಿಕೆ. ನನ್ನ ಲಗ್ನ ಚಿಟಿಕೆ ಚಿಟಿಕೆಯಾಗಿ ಮಾಸ್ತರರ ಮೂಗಿನೊಳಗೆ ಹೋಗುತ್ತಿರುವುದನ್ನು ನಾನು ಕೂತು ನೋಡಿದೆ. ಬಾಗಿಲ ಹಿಂದೆ ಬಳೆಯ ಸಪ್ಪಳ, ತಡೆಹಿಡಿದ ನಗೆ...

“ನೌಕರಿ ಪರ್ಮನೆಂಟ್ ಅದ ಏನ್ರಿ?”

“ಅದಾ ರೀ,” ಎಂದರು ಅಪ್ಪ.

ಮಾಸ್ತರರು ಡಬ್ಬಿ ತೆಗೆದರು. ಖಾಲಿ. ತಳಕ್ಕೆ ಬಡಿದರು, ಉಗುರಿನಿಂದ ಕೆರೆದರು, ಏನೂ ಬರಲಿಲ್ಲ.

“ಈಗ ಬಾಯೀಲೆ ಹೇಳ್ರಿ ಮಾಸ್ತರ್,” ಎಂದಳು ಅಜ್ಜಿ.

ಮಾಸ್ತರರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. “ಪರ್ಮನೆಂಟ್ ಇಲ್ರಿ ಅಮ್ಮಾ. ಹಂಗಾಮಿ ಗುಮಾಸ್ತ ಇದ್ದಾನ. ಏಳೋದು ಎಂಟಕ್ಕ. ಆದ್ರ ಒಂದು ಮಾತು. ನನ್ನ ಕಣ್ಣಿನ ಆಪರೇಶನ್ ಆದಾಗ ಇಪ್ಪತ್ತು ದಿನ ದಿನಾ ಬಂದು ಇಂಗ್ಲಿಷ್ ಪೇಪರ್ ಓದಿ ಹೇಳ್ಯಾನ. ಓದಿದ್ದೆಲ್ಲ ತಪ್ಪು. ಬರೋದು ಮಾತ್ರ ಒಂದಿನಾನೂ ತಪ್ಪಿಸಿಲ್ಲ. ಈ ಹುಡುಗಗ ನಾ ಜಾಮೀನು.”

ಅಜ್ಜಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. “ಹೇಳಿ ಕಳಸ್ತೀವ್ರಿ,” ಎಂದಳು. ಅದೇ ಮಾತನ್ನು ನಾನು ಮೂರು ಸಲ ಕೇಳಿದ್ದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಹಾದಿಯುದ್ದಕ್ಕೂ ಬೈದರು.

“ನಿಮ್ಮನ್ನ ಕರಕೊಂಡು ಬಂದದ್ದೇ ತಪ್ಪಾತು.”

“ಖರೇ,” ಎಂದರು ಮಾಸ್ತರರು.

“ಮಂದೀ ಮುಂದ ನನ್ನ ಮರ್ಯಾದಿ ತೆಗದ್ರಿ.”

“ಖರೇ.”

“ಇನ್ನ ನಮ್ಮ ಮನಿ ಕಟ್ಟಿ ಹತ್ತಬ್ಯಾಡ್ರಿ!”

ಅದಕ್ಕೆ ಮಾತ್ರ ಮಾಸ್ತರರ ಕೈ ಜೇಬಿಗೆ ಹೋಯಿತು. ಖಾಲಿ ಡಬ್ಬಿಯನ್ನೇ ತೆರೆದು ನೋಡಿ ಮುಚ್ಚಿದರು.

ಮೂರನೆಯ ದಿನ ಹುಮನಾಬಾದಿನಿಂದ ಅಜ್ಜಿಯ ಮಾತು ಬಂತು. “ಹುಡುಗನ ಅಪ್ಪಗ ಸುಳ್ಳು ಹೇಳಲಿಕ್ಕಿ ಬರಂಗಿಲ್ಲ, ಮಾಸ್ತರಗ ಆಗಂಗೇ ಇಲ್ಲ. ಇಂಥವರ ನಡುವ ಹುಡುಗಿ ಕೊಟ್ರ ಚಿಂತಿಲ್ಲ.” ಲಗ್ನಕ್ಕೆ ಮಾಸ್ತರರು ಈ ನಿಘಂಟನ್ನು ಆಯೇರಿ ಮಾಡಿದರು. ಮಂಟಪದಲ್ಲಿ ಅಪ್ಪ ಅವರಿಗೆ ಶಾಲು ಹೊದಿಸಿದರು. ಆದರೆ ಬಸ್ಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಾಸ್ತರರು ಆಮೇಲೆ ನಮ್ಮ ಕಟ್ಟೆ ಹತ್ತಲೂ ಇಲ್ಲ, ಕೆಳಗೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಹೋದ ವರ್ಷ ತೀರಿಕೊಂಡರು...

ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದಾಗ, ಸೀನಿ ಮತ್ತೆ ತೂಕಡಿಸತೊಡಗಿದ್ದ ಅಪ್ಪ ಕಣ್ಣು ತೆರೆದರು. “ನಾ ಏನ್ ಭಾಳ ಬೈದಿಲ್ಲ ಅವರಿಗಿ,” ಎಂದರು.

ನನ್ನ ಹೆಂಡತಿ ನಿಘಂಟಿನ ಆ ಪುಟವನ್ನು ಮೆಲ್ಲಗೆ ಅವರ ಮುಖದ ಹತ್ತಿರ ಒಯ್ದಳು. ಅಪ್ಪ ಮೂರು ಸಲ ಸೀನಿದರು.

“ಬೈದೆ,” ಎಂದರು. “ಕಟ್ಟಿ ಹತ್ತಬ್ಯಾಡ್ರಿ ಅಂದೆ. ತಿರುಗಿ ಬರ್ರಿ ಅನ್ನೋದು ಉಳೀತು.”

“ಖರೇ ರೀ ಮಾಮಾ,” ಎಂದಳು ನನ್ನ ಹೆಂಡತಿ.

ಮರುದಿನ ಅಪ್ಪ ಕೋಲೂರಿಕೊಂಡು ಬಜಾರಿಗೆ ಹೋಗಿ ತಪಕೀರಿನ ಹೊಸ ಡಬ್ಬಿ ತಂದರು. ಯಾರಿಗೂ ಹೇಳದೆ ಮಾಸ್ತರರ ಮನೆಯ ಕಟ್ಟೆಯ ಮೇಲೆ ಇಟ್ಟು ಬಂದರು. ಸಂಜೆ ಆ ಮನೆಯಲ್ಲಿ ಈಗ ಬಾಡಿಗೆಗಿರುವ ಹೆಣ್ಣುಮಗಳು ನಮ್ಮ ಕಟ್ಟೆ ಹತ್ತಿ ಬಂದಳು. “ನಿಮ್ಮ ಅಜ್ಜಾರು ಮರ್ತು ಬಂದಾರ ನೋಡ್ರಿ,” ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೋದಳು.