ಬದುಕಿರುವ ದಿವಂಗತೆ

ಹೋದ ವಾರ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಸತ್ತವಳೊಬ್ಬಳು ಬಂದು ನನ್ನ ಪಕ್ಕ ಕೂತಳು. ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟಳು.

ಗಾಬರಿಯಾಗಬೇಡಿ. ಸತ್ತಿರುವುದು ಸರ್ಕಾರಿ ಕಾಗದದಲ್ಲಿ ಮಾತ್ರ. ಹಾರನಹಳ್ಳಿಯ ನಮ್ಮ ಪಕ್ಕದ ಮನೆಯ ಸಾಕಮ್ಮ, ಹಗರೆಗೆ ಮದುವೆಯಾಗಿ ಹೋದವಳು.

“ತಾಲ್ಲೂಕ್ ಆಫೀಸ್ಗೆ ಬಂದಿದ್ದೆ ಕಣಣ್ಣ. ಅಪ್ಪನ ತೆಂಗಿನ ತೋಟದಾಗೆ ನಂದೂ ಪಾಲೈತಲ್ಲ? ವಂಶವೃಕ್ಷದಾಗೆ ನನ್ನ ಸಾಯಿಸ್ಬುಟ್ಟವ್ರೆ! ನಮ್ಮಣ್ಣ ತಿಥಿನಾದ್ರೂ ಮಾಡವ್ನೋ ಇಲ್ವೋ!” ಎಂದು ನಕ್ಕಳು.

ಕಚ್ಚಿದ ಚಕ್ಕುಲಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

“ಯಾರೋ ಪಂಚರು ಸಾಕ್ಷಿ ಅಂತ ಸೈನ್ ಹಾಕವ್ರಂತೆ. ಸೋಮವಾರ ಆಫೀಸ್ನಾಗೆ ಆ ಕಾಗದ ತೆಗೆದು ನೋಡ್ತಾರೆ. ನೀನೂ ಬಾರಣ್ಣ. ಇವಳು ಸಾಕಮ್ಮನೇ, ಬದುಕವ್ಳೆ ಅಂತ ಹೇಳು. ಪೇಪರ್ನಾಗೆ ಬರೆಯೋನು, ನಂಬ್ತಾರೆ.”

“ಬತ್ತೀನಿ” ಎಂದೆ. ಬೇರೇನು ಹೇಳಲಿ? ಆ ‘ಯಾರೋ ಪಂಚರಲ್ಲಿ’ ಮೊದಲ ಸಹಿ ನನ್ನದೇ.

ಕೆಲವು ತಿಂಗಳ ಹಿಂದೆ ಅವಳ ಅಣ್ಣ ಆ ಕಾಗದ ಹಿಡಿದು ನಮ್ಮ ಜಗಲಿಗೆ ಬಂದಿದ್ದ. “ಅವಳಿಗ್ಯಾಕ್ಲಾ ತೋಟ? ಹಾಕ್ಲಾ ಸೈನು” ಎಂದ. ನೆರೆಮನೆಯವನು, ನಿಷ್ಠುರ ಯಾಕೆ ಅಂತ ಹಾಕಿದೆ. (ಓದದೆ ಸಹಿ ಹಾಕುವ ಪಂಚರು ಬೇಕಾದಷ್ಟಿದ್ದಾರೆ. ನಾನು ಓದಿದ್ದೆ. ಅವಳ ಹೆಸರಿನ ಮುಂದೆ ‘ಮೃತ’ ಎಂಬ ಪದ ಕಣ್ಣಾರೆ ಕಂಡಿದ್ದೆ.)

ಸಾಕಮ್ಮ ಸಿಕ್ಕ ದಿನವೇ ಸಂಜೆ, ಒಂಬತ್ತನೇ ಕ್ಲಾಸಿನ ಮೊಮ್ಮಗಳು ಸಿಂಚನ ಹೋಂವರ್ಕ್ ಹಿಡಿದು ಬಂದಳು.

“ತಾತ, ಆಕ್ಸಿಮೋರಾನ್‌ಗೆ ಕನ್ನಡದಲ್ಲಿ ಒಂದು ಎಗ್ಸಾಂಪಲ್ ಹೇಳಿ.”

“ಹಂಗಂದ್ರೇನವ್ವ?”

“ಒಂದಕ್ಕೊಂದು ಆಗದ ಎರಡು ಪದ ಅಕ್ಕಪಕ್ಕ ಇಡೋದು. ಮೌನದ ಕೂಗು ಅಂತಾರಲ್ಲ, ಹಂಗೆ. ಮೇಲೆ ಸುಳ್ಳು ಅನ್ಸುತ್ತೆ, ಒಳಗೆ ನಿಜ ಇರುತ್ತೆ.”

ನಮ್ಮ ಕಾಲದ ಹೈಸ್ಕೂಲಿನಲ್ಲಿ ಇದನ್ನೇ ವಿರೋಧಾಭಾಸ ಎಂದು ಉರು ಹೊಡೆದಿದ್ದೆ. ಅರ್ಥವಾದದ್ದು ಈಗ. ಬದುಕಿರುವ ದಿವಂಗತೆ! ಉದಾಹರಣೆ ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಕವಿ ಇಟ್ಟ ಜೋಡಿಪದದಲ್ಲಿ ಮೇಲೆ ಸುಳ್ಳು, ಒಳಗೆ ನಿಜ. ನಾನು ಸಹಿ ಹಾಕಿದ್ದರಲ್ಲಿ? ಮೇಲೆ ಸೀಲು, ಒಳಗೆ ಸುಳ್ಳು.

“ಏನ್ ತಾತ, ಪೇಪರಿಗೆ ಬರೀತೀರ, ಇಷ್ಟೂ ಗೊತ್ತಿಲ್ವಾ?” ಎಂದು ಅಣಕಿಸಿ ಹೋದಳು.

ಅಂದಿನಿಂದ ಫೋನ್ ರಿಂಗಾದರೆ ಮೊದಲು ಹೆಸರು ನೋಡುತ್ತೇನೆ. ಸಾಕಮ್ಮನೇ? ಎರಡು ಸಲ ಅವಳೇ. ಎತ್ತಲಿಲ್ಲ. ಕೇಸಿನ ಭಯವೇ? (ಅದೂ ಇದೆ, ಸುಳ್ಳೇಕೆ?) ಅದಕ್ಕಿಂತ ದೊಡ್ಡದು, ಕಾಗದ ಬಿಚ್ಚಿದ ಮೇಲೆ ಅವಳು ನಿಧಾನವಾಗಿ ನನ್ನ ಕಡೆ ತಿರುಗುತ್ತಾಳಲ್ಲ, ಆ ಮುಖದ ಭಯ.

ಇದು ಭಾನುವಾರದ ಪೇಪರಿನಲ್ಲಿ ನಿಮ್ಮ ಕೈಗೆ ಬರುತ್ತದೆ. ಮಾರನೇ ದಿನ ಜ್ವರದ ನೆಪ ಹೇಳಿ ಮಲಗಿಬಿಡಬಹುದೆಂದು ನನ್ನ ಮೇಲೆ ನನಗೇ ಅನುಮಾನ. ಅದಕ್ಕೇ ಅಚ್ಚು ಹಾಕಿಸಿದ್ದೇನೆ.

ಸಾವಿರ ಜನಕ್ಕೆ ಹೇಳಿದ್ದಾಯಿತು, ಅವಳೊಬ್ಬಳಿಗೆ ಫೋನ್ ಮಾಡಲು ಕೈ ಯಾಕೆ ಏಳುತ್ತಿಲ್ಲ?